ದೀಪ ಹಚ್ಚುವ ಮುಂಚೆ

ಗುಡೇಮಾರನಹಳ್ಳಿಯ ಗಿರಿಜಾಂಬ ದೀಪ ಹಚ್ಚಿದ ಮೇಲೆ ಉಪ್ಪು, ಹೆಪ್ಪು, ಸೂಜಿ ಯಾವುದನ್ನೂ ಹೊಸಿಲು ದಾಟಿಸಿದವರಲ್ಲ. ಕೊಟ್ಟರೆ ಬೆನ್ನಿಗೇ ಲಕ್ಷ್ಮಿಯೂ ಹೊರಟುಬಿಡುತ್ತಾಳೆ. ಇಂಥ ಮನೆಗೆ ಸೊಸೆ ನೇತ್ರಾ ಎಲೆಕ್ಟ್ರಿಕ್ ಕಾರು ತಂದು, ಗೋಡೆಗೊಂದು ಚಾರ್ಜಿಂಗ್ ಪೆಟ್ಟಿಗೆ ಹೊಡೆಸಿದಳು.

"ಹಗಲು ಬಿಡದಿ ಫ್ಯಾಕ್ಟರೀಲಿ ಬಿಸಿಲಿನ ಕರೆಂಟು ತುಂಬಿಸ್ಕೊಂಡು ಬತ್ತೀನಿ ಅತ್ತೆ. ಸಂಜೆ ಊರೋರೆಲ್ಲ ಒಟ್ಗೆ ಸ್ವಿಚ್ ಹಾಕಿ ಲೈನು ಸೊರಗ್ದಾಗ, ನಮ್ ಕಾರು ಅದನ್ನ ಲೈನಿಗೆ ವಾಪಸ್ ಕೊಡ್ತದೆ."

"ದೀಪ ಹಚ್ಚಿದ್ ಮೇಲೆ ಒಸಿ ಹೆಪ್ಪು ಕೊಡದ ಮನೆ ಕಣೇ ಇದು. ಕರೆಂಟು ಕೊಟ್ಟಾರಾ?"

ಪೆಟ್ಟಿಗೆ ಸುಮ್ಮನೆ ಗೋಡೆ ಹಿಡಿದು ಕೂತಿತು. ಕಾರು ದಿನವೂ ಹೊಟ್ಟೆ ತುಂಬಿಸಿಕೊಂಡು ಬಂದು ಅದರ ಪಕ್ಕ ಮಲಗಿತು.

ಚಳಿ ಬಿದ್ದ ಮೇಲೊಂದು ಬೆಳಿಗ್ಗೆ, ರೇಷ್ಮೆ ಹುಳ ಸಾಕುವ ಪಕ್ಕದ ಮನೆ ಶಿವಲಿಂಗಮ್ಮ ಓಡಿಬಂದಳು.

"ಅಕ್ಕೋ, ಸಂಜೆಯಾದ್ರೆ ಹೀಟ್ರು ಹೆಸರಿಗಷ್ಟೇ ಉರೀತೈತೆ. ಲೈನಿನ ಕೊನೇಲಿರೋ ನಮ್ಮನೆಗೆ ಬರೋ ಹೊತ್ಗೆ ಕರೆಂಟು ಮುದುಕಿಯಾಗೋಗಿರ್ತದೆ. ಚಳಿಗೆ ಮರಿಹುಳ ಸೊಪ್ಪು ಮುಟ್ತಿಲ್ಲ. ಇನ್ನೊಂದು ಸಂಜೆ ಹಿಂಗಾದ್ರೆ ಬೆಳೆ ಹೋಯ್ತು."

ಗಿರಿಜಾಂಬ ಸೊಸೆಯತ್ತ ತಿರುಗಿದರು. "ನಿನ್ ಕಾರು ಇವಳ ಹೀಟ್ರು ಕಾಯಿಸ್ತದೇನೇ?"

"ಇವರಿಗೇ ಅಂತ ಕಳ್ಸಕ್ಕಾಗಲ್ಲ ಅತ್ತೆ. ಬೀದಿಗೆಲ್ಲ ಓಲ್ಟೇಜು ಏರ್ತದೆ."

"ಬೀದಿಗೆಲ್ಲಾನಾ? ಆ ಜಗಳಗಂಟ ತಿಮ್ಮಯ್ಯನ ಟೀವಿಗೂ?"

"ಅದಕ್ಕೂ."

ಗಿರಿಜಾಂಬ ಈ ಸಂಕಟವನ್ನೂ ನುಂಗಿಕೊಂಡು ಯೋಚಿಸಿದರು. "ದೀಪಕ್ಕೆ ಮುಂಚೆ ಕೊಡಕ್ಕೆ ಶುರು ಮಾಡಿದ್ರೆ, ಆಮೇಲೆ ಹರೀತಾನೇ ಇರ್ತದೋ?"

"ಇರ್ತದೆ."

"ಹಂಗಾದ್ರೆ ಅದು ಮುಂಚೇನೇ ಕೊಟ್ಟಿದ್ದು. ಬೇಗ ಬಾ."

ಅಂದೇ ದಾರಿಯಲ್ಲಿ ಟ್ರಾಫಿಕ್ಕು. ಸೂರ್ಯ ಮುಳುಗಿದ, ಗಿರಿಜಾಂಬ ಬೆಂಕಿಪೊಟ್ಟಣ ಹಿಡಿದು ದೇವರ ಮುಂದೆ ಕೂತೇ ಇದ್ದರು. ಗಂಡ ಚನ್ನಲಿಂಗಪ್ಪ ಇಣುಕಿದರು. "ಯಾಕೆ, ಕತ್ತಲಾಯ್ತಲ್ಲ?"

"ಸೂರ್ಯ ಅವಸರ ಬಿದ್ರೆ ನಾನೇನ್ ಮಾಡ್ಲಿ?"

ಕಾರು ಬಂತು. ನೇತ್ರಾ ಪ್ಲಗ್ಗು ಸಿಕ್ಕಿಸಿದಳು, ಪೆಟ್ಟಿಗೆಯಲ್ಲಿ ಹಸಿರು ಮಿನುಗಿತು. ಆಮೇಲೆಯೇ ಗಿರಿಜಾಂಬ ಕಡ್ಡಿ ಗೀರಿದ್ದು.

ಊಟದ ಹೊತ್ತಿಗೆ ಬೇಲಿಯಾಚೆಯಿಂದ ಶಿವಲಿಂಗಮ್ಮ ಕೂಗಿದಳು: "ಹೀಟ್ರು ಕೆಂಪಗಾಯ್ತು ಅಕ್ಕೋ! ಮೇಯ್ತಾವೆ!"

ಅತ್ತೆ ಸೊಸೆ ಹೋಗಿ ಹುಳದ ತಟ್ಟೆಗಳ ಮೇಲೆ ಬಗ್ಗಿ ನೋಡಿದರು. ಸೊಪ್ಪಿನ ಅಂಚು ಸಣ್ಣಗೆ ಸವೆಯುತ್ತಿತ್ತು.

"ನಾಳೆ ಬಿಡದಿಗೆ ಹೋಗಿಬರೋಷ್ಟು ಉಳಿಸ್ಕೊಂಡು ನಿಲ್ಲಿಸ್ಬುಡ್ತೀನಿ ಅತ್ತೆ," ಎಂದಳು ನೇತ್ರಾ.

"ಹೋಗೋಷ್ಟು ಸಾಕು ಕಣೇ," ಎಂದರು ಗಿರಿಜಾಂಬ. "ಬರೋಕೆ ಅಲ್ಲೇ ತುಂಬಿಸ್ಕೋತೀಯಲ್ಲ. ಮಿಕ್ಕಿದ್ದು ಇವು ಮೇಯ್ಲಿ."