ಅತ್ತೆ ಒಳಗಿದ್ದಾಳೆ

"ನಿಲ್ಲೇ ಮುದುಕಿ! ಅವನ ಪಕ್ಕದಲ್ಲಿ ನಿಲ್ಲು ಅಂದ್ರೆ ಮೊಲದ ಹಾಗೆ ಎಲ್ಲಿಗೆ ಓಡ್ತೀಯ?"

ಸರ್ಕಾರದ ಹಾರ್ಗ್ರೀವ್ ಸಾಹೇಬ ನಮ್ಮವ್ವನ ಮೊಣಕೈ ಹಿಡಿದು ತಗಡಿನ ಕೋಣೆಯ ಬಾಗಿಲಿಗೆ ಎಳೆದ. ಇನ್ನೊಂದು ಕೈಯಲ್ಲಿ ಕ್ಯಾಮೆರಾ. ಅಪ್ಪಣೆಯಿಲ್ಲದೆ ರೇಡಿಯೋ ನಡೆಸುತ್ತಿದ್ದ ಇಬ್ಬರನ್ನೂ ಯಂತ್ರದ ಜೊತೆ ನಿಲ್ಲಿಸಿ ಫೋಟೋ ತೆಗೆಯುವುದು, ಆಮೇಲೆ ಯಂತ್ರ ಕಿತ್ತು ಡಾರ್ವಿನ್ ಪಟ್ಟಣದ ಕಚೇರಿಗೆ ಒಯ್ಯುವುದು ಅವನಿಗಿದ್ದ ಆದೇಶ.

ಒಳಗೆ ಮೈಕಿನ ಮುಂದೆ ಇದ್ದವನು ನನ್ನ ಗಂಡ ಜಪಲ್ಜಾರಿ. ಅತ್ತೆಯ ನೆರಳು ಕಂಡದ್ದೇ ತಡ, ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು, ಕಿವಿಯ ಹೆಡ್‌ಫೋನ್ ಸಮೇತ ಕಿಟಕಿಯಿಂದ ಹಾರಿದ. ಹೊರಗೆ ಮಲಗಿದ್ದ ನಾಯಿಗಳ ಮೇಲೆ ಬಿದ್ದ. ನಾಯಿಗಳ ಗಲಾಟೆ, ಅವನ ಬೈಗುಳ ಎರಡೂ ತೆರೆದಿದ್ದ ಮೈಕಿನಿಂದ ಮರಳುಗಾಡಿನ ಎಲ್ಲ ಬಿಡಾರಗಳಿಗೂ ಹೋದವು.

ಅವ್ವ ಲಂಗದ ಅಂಚಿನಿಂದ ಮುಖ ಮುಚ್ಚಿಕೊಂಡು ಕೆಂಪು ಮರಳಿನಲ್ಲಿ ಕುಸಿದಳು. ಈ ವಯಸ್ಸಿಗೆ ಬರುವವರೆಗೆ ಯಾರೂ ಅವಳಿಗೆ ಇಂಥ ನಾಚಿಕೆ ತಂದಿರಲಿಲ್ಲ.

"ಸಾಹೇಬ್ರೆ, ಅವರು ಅತ್ತೆ ಅಳಿಯ," ಎಂದೆ. "ಎದುರಿಗೆ ಬರೋ ಹಾಗಿಲ್ಲ. ಮಾತಾಡೋ ಹಾಗಿಲ್ಲ."

"ನನಗೂ ಅತ್ತೆ ಇದ್ದಾಳೆ. ನಾನೇನು ಕಿಟಕಿ ಹಾರ್ತೀನಾ? ಒಬ್ಬರ ಮುಖ ಒಬ್ಬರು ನೋಡದ ಕಾಡುಜನ, ನೀವು ರೇಡಿಯೋ ನಡೆಸ್ತೀರಾ!" ಅವನು ಇಕ್ಕಳ ತರಲು ಜೀಪಿನ ಕಡೆ ನಡೆದ.

ಜಪಲ್ಜಾರಿ ಎಂಬುದು ನನ್ನ ಗಂಡನೊಬ್ಬನ ಹೆಸರಲ್ಲ, ನೆಂಟಸ್ತನದ ಹೆಸರು; ಆ ಹೆಸರಿನವರೆಲ್ಲ ತಮ್ಮತಮ್ಮಲ್ಲಿ ಅಣ್ಣತಮ್ಮಂದಿರು, ಅವ್ವನಿಗೆ ಅಳಿಯಂದಿರು. ನನ್ನ ಮದುವೆಯಾದಂದಿನಿಂದ ಅವರಿಬ್ಬರ ನಡುವೆ ಒಂದು ಮಾತೂ ಆಗಿಲ್ಲ. ಅದು ಜಗಳವಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಬೇಟೆಯ ಮಾಂಸದಲ್ಲಿ ಅಳಿಯ ಅತ್ತೆಗೆ ಕೊಡಬೇಕಾದ ಪಾಲನ್ನೂ ಅವನು ನನ್ನ ಕೈಯಲ್ಲೇ ಕಳಿಸುತ್ತಾನೆ. ಬೆಳಿಗ್ಗೆ ಅವ್ವ ಮೈಕಿನ ಮುಂದೆ ಕೂರುತ್ತಾಳೆ, ಅವಳು ಎದ್ದು ಹೋದ ಮೇಲೆ ಅವನು. ರೇಡಿಯೋದಲ್ಲಿ ಅವನ ದನಿ ಬಂದರೆ ಅವ್ವ ರೇಡಿಯೋಗೆ ಬೆನ್ನು ತಿರುಗಿಸಿ ಕೂರುತ್ತಾಳೆ, ಆದರೂ ಪೂರ್ತಿ ಕೇಳುತ್ತಾಳೆ. ಪಟ್ಟಣದ ಆಸ್ಪತ್ರೆಯಲ್ಲಿ ಯಾರ ಮಗುವಿನ ಜ್ವರ ಇಳಿಯಿತು, ಯಾವ ಗುಂಡಿಯಲ್ಲಿ ನೀರಿದೆ, ಯಾರ ಟ್ರಕ್ಕು ಎಲ್ಲಿ ಕೆಟ್ಟು ನಿಂತಿದೆ, ಎಲ್ಲವೂ ನಮ್ಮ ಮಾತಿನಲ್ಲೇ ಬರುತ್ತಿತ್ತು. ಇನ್ನೇನು ಆಕಾಶದಿಂದ ಟೀವಿ ಬರುತ್ತದೆ, ಬರೀ ಇಂಗ್ಲಿಷಿನಲ್ಲಿ ಎಂದು ಸರ್ಕಾರ ಹೇಳಿತ್ತು. ಈಗ ಯಂತ್ರ ಹೋದರೆ ನಮ್ಮ ಮುದುಕರ ದನಿ ಮತ್ತೆ ಅವರವರ ಒಲೆಯ ಹೊಗೆಯ ಆಚೆಗೆ ಹೋಗುವುದಿಲ್ಲ.

ಅವ್ವ ಎದ್ದಳು. ಮರಳು ಕೊಡವಿಕೊಂಡು ಒಳಗೆ ಹೋಗಿ, ಯಂತ್ರಕ್ಕೆ ಒರಗಿ ಕೂತಳು. ಅವಳ ಹಿಂದೆ ಬಿಡಾರದ ಹೆಂಗಸರೂ ಹೋಗಿ ಹೊಸ್ತಿಲವರೆಗೆ ಒತ್ತಾಗಿ ಕೂತರು.

"ಕೇಳ್ರಪ್ಪೋ, ಕೇಳ್ರವ್ವೋ," ಎಂದು ಮೈಕಿನಲ್ಲಿ ಅವ್ವನ ದನಿ ಎದ್ದಿತು. "ಒಬ್ಬ ಬಿಳಿಯ ಬಂದವ್ನೆ. ಬೂದೀಲಿ ಬೆಂದ ಉಡದ ಥರ ಕೆಂಪಗವ್ನೆ. ಪಾಪ, ನೆಂಟ್ರಿಲ್ಲ ಅವ್ನಿಗೆ. ಯಾರತ್ರ ಹೆಂಗಿರ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ. ಬಂದೋರಿಗೆ ಹೆಸರು ಕೊಡೋದು ನಮ್ ಪದ್ಧತಿ ತಾನೆ? ಇವತ್ತಿಂದ ಅವ್ನೂ ಜಪಲ್ಜಾರಿ. ಅಂದ್ರೆ ನಂಗೆ ಅಳಿಯ."

ಗುಡಿಸಲಿಂದ ಗುಡಿಸಲಿಗೆ ನಗು ಉರುಳಿತು. ಆಮೇಲೆ ಒಮ್ಮೆಲೆ ನಿಂತಿತು. ಹೆಸರು ಕೊಟ್ಟರೆ ಕೊಟ್ಟ ಹಾಗೆ, ಅದರಲ್ಲಿ ತಮಾಷೆ ಇಲ್ಲ.

ಸಾಹೇಬ ಇಕ್ಕಳ ಹಿಡಿದು ಬಂದ. ಹೆಂಗಸರೆಲ್ಲ ಕಂಬಳಿ ತಲೆಗೆಳೆದುಕೊಂಡು ಕೂಗಿದರು: "ಬರ್ಬೇಡ! ಅತ್ತೆ ಒಳಗವ್ಳೆ!"

ನನ್ನ ಗಂಡ ಕುಂಟುತ್ತ ಬಂದು, ಅತ್ತೆ ಕೂತ ಕೋಣೆಯ ಕಡೆ ನೋಡದೆ ಸಾಹೇಬನ ತೋಳು ಹಿಡಿದ. "ಅಣ್ಣಾ, ಆ ಕಡೆ ತಿರುಕ್ಕೋ. ನಮ್ಮತ್ತೆ ಅಲ್ಲಿ ಕುಂತವ್ಳೆ. ನಾಚ್ಕೆಗೇಡು."

"ಯಾರೋ ನಿನ್ನ ಅಣ್ಣ?"

"ಈಗ್ತಾನೆ ಆದೆ. ಅಂದಂಗೆ, ಕಿಟಕಿ ಹಾರೋವಾಗ ನಾಯಿ ನೋಡ್ಕೋ."

"ತೊಲಗ್ರೋ ಸೂಳೇಮಕ್ಕಳಾ!"

ಮೈಕಿನ ವೈರು ಉದ್ದವಿತ್ತು. ಮೈಕನ್ನು ನಾನು ಕಿಟಕಿಯಿಂದ ಹೊರಗೆ ಎಳೆದುಕೊಂಡು ಹಿಡಿದಿದ್ದೆ. ಆ ಮಾತು ಪ್ರತಿಯೊಂದು ಗುಡಿಸಲಿನ ರೇಡಿಯೋದಿಂದಲೂ ಅವನ ಕಡೆಗೇ ತಿರುಗಿ ಬಂತು. ತನ್ನದೇ ದನಿ ಕೇಳಿ ಸಾಹೇಬ ಸುತ್ತಲೂ ನೋಡಿದ.

"ಟೇಪೂ ಆಗ್ತಾ ಇದೆ ಸಾಹೇಬ್ರೆ," ಎಂದೆ. "ಬಾಗಿಲಲ್ಲಿ ಮುದುಕಿಯರನ್ನ ತುಳಿದ್ರೆ ಅದೂ ಆಗುತ್ತೆ."

ಉತ್ತರ ಗೊತ್ತಿಲ್ಲದವರು ಸುಮ್ಮನಿರುತ್ತಾರೆ ಎಂದು ಮಿಷನ್ ಶಾಲೆಯಲ್ಲಿ ನಮಗೆ ಕಲಿಸಿದ್ದರು. ನಾವು ಸುಮ್ಮನೆ ನಿಂತಿದ್ದೆವು. ಆ ಮೌನ ಬಿಡಾರದಿಂದ ಬಿಡಾರಕ್ಕೆ ಹೋಗುತ್ತಿತ್ತು. ಅಲ್ಲೆಲ್ಲ ಜನ ಚಹಾದ ಲೋಟ ಕೆಳಗಿಟ್ಟು ಅದನ್ನೇ ಕೇಳುತ್ತಿದ್ದರೆಂದು ಆಮೇಲೆ ತಿಳಿಯಿತು.

ಸಾಹೇಬ ಕಂಬಳಿ ಹೊದ್ದ ತಲೆಗಳನ್ನು ನೋಡಿದ, ಇಕ್ಕಳ ನೋಡಿದ. "ಪೊಲೀಸರನ್ನ ಕರ್ಕೊಂಡು ಬರ್ತೀನಿ," ಎಂದು ತೀರ ಮೆಲ್ಲಗೆ, ಮೈಕಿಗೆ ಕೇಳಿಸದ ಹಾಗೆ ಹೇಳಿ ಜೀಪು ಹತ್ತಿದ.

ಕಿಟಕಿಯೊಳಗಿಂದ ಅವ್ವ ಬೆರಳಿನಲ್ಲೇ ಕೇಳಿದಳು: ಹೋದನಾ? ನಾನೂ ಬೆರಳಿನಲ್ಲೇ ಹೇಳಿ, ಮೈಕು ಒಳಗೆ ಕೊಟ್ಟೆ.

"ಅಳಿಯ ಹೊರಟ," ಎಂದಳು ಅವ್ವ. "ಪೊಲೀಸಪ್ಪನ್ನ ಕರ್ಕೊಂಡ್ ಬತ್ತಾನಂತೆ. ಬರ್ಲಿ, ನಂಗೆ ಇನ್ನೂ ಹೆಣ್ಮಕ್ಕಳವ್ರೆ."

ಗೋಡೆಯ ಆಚೆ ನನ್ನ ಗಂಡ, ಅತ್ತೆಗೆ ಕೇಳಿಸಬಾರದೆಂದು ಟೋಪಿಯನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದ.

"ಇನ್ನೊಂದು ಮಾತು. ಆ ಹೊಸ ಅಳಿಯಂಗೆ ನಾನೇ ಹೇಳೋ ಹಂಗಿಲ್ಲ. ದಾರೀಲಿ ಸಿಕ್ಕೋರು ಯಾರಾದ್ರೂ ಹೇಳಿ, ಬರೋವಾಗ ಅತ್ತೆಗೆ ಕಾಂಗರೂ ಬಾಲ ತರ್ಲಿ ಅಂತ."