ನಾನೂರು ಪುಟದ ‘ನೀವು’

ಸಿನಿಮಾ ಶುರುವಾಗಿ ಇನ್ನೂ ಜನ ಸರಿಯಾಗಿ ಕೂತಿರಲಿಲ್ಲ, ಚಿತ್ರಮಂದಿರದ ತುಂಬ ‘ಅಯ್ಯೋ’ ಎಂಬ ಸದ್ದು ಎದ್ದಿತು. ತೆರೆಯ ಮೇಲೆ ದೀಪ ಹಿಡಿದ ಪುಟ್ಟ ಹುಡುಗಿಯೊಬ್ಬಳು, ಬೆಟ್ಟದಷ್ಟು ದೊಡ್ಡ ಮುದಿ ಹಕ್ಕಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, “ಏಯ್, ಯಾರು ನೀನು?” ಎಂದಿದ್ದಳು.

‘ನೀನು’ ಅಂತೆ! ಅದೂ ಹಳಬರಿಗೆ!

ಪುಸ್ತಕ ಓದದವರಿಗೆ ಇದರಲ್ಲೇನು ಮಹಾ ಎನಿಸಬಹುದು. ಓದಿದವರನ್ನು ಕೇಳಬೇಕು. ಸಿನಿಮಾಕ್ಕೆ ಮೂಲವಾದ ‘ಗಾಳಿಕೋಟೆಯ ಹಳಬರು’ ಎಂಬ ಕಾದಂಬರಿಯಲ್ಲಿ ಹಕ್ಕಿಗೆ ಹೆಸರೇ ಇಲ್ಲ. ಎಲ್ಲರೂ ಅದನ್ನು ಹಳಬರು ಎನ್ನುತ್ತಾರೆ. ಹಳಬರು ರೆಕ್ಕೆ ಬಿಚ್ಚಿದರು, ಹಳಬರು ಸಿಟ್ಟಾದರು, ಹಳಬರು ಮೋಡ ನುಂಗಿ ಕೆಮ್ಮಿದರು, ಹೀಗೆ. ಅವರ ಆಶ್ರಯಕ್ಕೆ ಬಂದ ಅನಾಥ ಹುಡುಗಿ ನಾನೂರು ಪುಟ ಪೂರ್ತಿ ‘ನೀವು’ ಎಂದೇ ಮಾತಾಡುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಹಳಬರು ಎಲ್ಲವನ್ನೂ ಬಿಟ್ಟು ಹಾರಿಹೋಗಲು ಹೊರಟಾಗ, ಒಂದೇ ಒಂದು ಸಲ, “ಹೋಗಬೇಡ ನೀನು” ಎನ್ನುತ್ತಾಳೆ. ಆ ಸಾಲಿಗೆ ಅಳದ ಓದುಗರಿಲ್ಲ. ಅದನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡವರಿದ್ದಾರೆ. ಒಬ್ಬ ಪುಣ್ಯಾತ್ಮ ತೋಳಿನ ಮೇಲೆ ಹಚ್ಚೆಯನ್ನೇ ಹಾಕಿಸಿಕೊಂಡಿದ್ದಾನೆ. ಅಂಥ ಮಾತನ್ನು ಸಿನಿಮಾದವರು ಮೊದಲ ದೃಶ್ಯದಲ್ಲೇ ಎಸೆದುಬಿಟ್ಟರೆ ಹೊಟ್ಟೆ ಉರಿಯದೆ ಇರುತ್ತದೆಯೇ?

“ಮುಗೀತು. ಸರ್ವನಾಶ ಮಾಡಿದ್ರು,” ಎಂದು ಹಲ್ಲಕ್ಕನ ಮಗಳು ಹಲ್ಲು ಕಚ್ಚಿದಳು. ಅತ್ತ ಅವಳಪ್ಪ ಆಗಲೇ ಗೊರಕೆ ಶುರು ಮಾಡಿದ್ದ. ಇತ್ತ ಹಲ್ಲಕ್ಕ ಕೂತಿದ್ದಳು. ಅವಳ ಕಣ್ಣಲ್ಲಿ ದಳದಳ ನೀರು. ಮಗಳು ನೋಡಿ, ಪಾಪ, ಇವರಿಗೂ ಅಷ್ಟೇ ಸಂಕಟವಾಗಿದೆ ಎಂದುಕೊಂಡು ಕರವಸ್ತ್ರ ಕೊಟ್ಟಳು. ಹಲ್ಲಕ್ಕ ಇಸಿದುಕೊಂಡು ಮೂಗು ಒರೆಸಿಕೊಂಡಳು. ಅದು ಸಂಕಟದ ಅಳುವಲ್ಲ, ಅವಳಿಗೆ ಆ ದೃಶ್ಯ ಹಿಡಿಸಿಬಿಟ್ಟಿತ್ತು ಎಂದು ಆಗ ಹೇಳುವುದಾದರೂ ಹೇಗೆ?

ಹಲ್ಲಕ್ಕ ಎಂಬುದು ದಂತವೈದ್ಯರ ಕ್ಲಿನಿಕ್ಕಿನವರು ಇಟ್ಟ ಹೆಸರು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಅವಳು ಕಟ್ಟುಹಲ್ಲು ಮಾಡುತ್ತಾಳೆ. ಮಗಳು ಎಂದರೆ ಹೆತ್ತ ಮಗಳಲ್ಲ, ಗಂಡನ ಮೊದಲ ಹೆಂಡತಿಯ ಮಗಳು. ಹಲ್ಲಕ್ಕ ಮದುವೆಯಾಗಿ ಈ ಮನೆಗೆ ಬಂದಾಗ ಹುಡುಗಿ ಇನ್ನೂ ಸ್ಕೂಲಿನ ಚೀಲ ಹೊತ್ತರೆ ಹಿಂದಕ್ಕೆ ವಾಲುತ್ತಿದ್ದ ಪ್ರಾಯ. ಬಾಗಿಲಲ್ಲಿ ನಿಂತು ಇವಳನ್ನು ಮೇಲಿಂದ ಕೆಳಗೆ ನೋಡಿ, “ನೀವು ಎಲ್ಲಿ ಮಲಗ್ತೀರಿ?” ಎಂದು ಕೇಳಿತ್ತು. ಅಂದು ಹತ್ತಿದ ‘ನೀವು’ ಕಾಲೇಜು ಮುಗಿಸುವ ವಯಸ್ಸಾದರೂ ಇಳಿದಿರಲಿಲ್ಲ. ಅಪ್ಪನಿಗೆ ‘ನೀನು’. ಗೋಡೆಯ ಮೇಲಿನ ಫೋಟೋದಲ್ಲಿದ್ದ ಅಮ್ಮನಿಗೆ, ಪರೀಕ್ಷೆಗೆ ಹೊರಡುವಾಗ, “ನೋಡ್ಕೋ ಅಮ್ಮಾ” ಎಂದು ‘ನೀನು’. ಇವಳಿಗೆ ಮಾತ್ರ “ಊಟ ಆಯ್ತಾ ನಿಮ್ಮದು?”, “ನೀವು ಮಲಗಿ, ನಾನು ಲೈಟ್ ಆರಿಸ್ತೀನಿ.” ನೆಂಟರಿಷ್ಟರು ಬಂದಾಗಲೆಲ್ಲ, “ಎಷ್ಟು ಮರ್ಯಾದೆ ಕೊಡ್ತಾಳ್ರೀ ನಿಮಗೆ ಹುಡುಗಿ, ಪುಣ್ಯ ಮಾಡಿದ್ರಿ,” ಎಂದು ಹೊಗಳುತ್ತಿದ್ದರು. ಹಲ್ಲಕ್ಕ ನಗುತ್ತಲೇ ಹೌದು ಹೌದು ಎನ್ನುತ್ತಿದ್ದಳು.

ಅವಳಿಗೆ ಬೇಕಾಗಿದ್ದುದು ‘ನೀನು’ ಎಂಬ ಆ ಒಂದು ಪದ. ಕೇಳಿ ಇಸಿದುಕೊಳ್ಳುವಂಥದ್ದಲ್ಲವಲ್ಲ ಅದು.

ಇಬ್ಬರ ನಡುವೆ ಇದ್ದ ಒಂದೇ ಗಂಟು ಆ ಪುಸ್ತಕ. ಮಗಳಿಗೆ ಜ್ವರ ಬಂದು ಹಾಸಿಗೆ ಹಿಡಿದಿದ್ದಾಗ ಹಲ್ಲಕ್ಕ ತನ್ನ ಟ್ರಂಕಿನಿಂದ ತೆಗೆದು ಕೊಟ್ಟಿದ್ದಳು. ಅಲ್ಲಿಂದ ಮುಂದೆ ಅದೇ ಊಟ, ಅದೇ ನಿದ್ದೆ. ಮಗಳು ಅಭಿಮಾನಿಗಳ ಸಂಘ ಕಟ್ಟಿದಳು, ಅದಕ್ಕೆ ತಾನೇ ಕಾರ್ಯದರ್ಶಿಯಾದಳು. ಭಾನುವಾರ ಮುಂದಿನ ಕೋಣೆಯಲ್ಲಿ ಸಭೆ. ಹಳಬರ ರೆಕ್ಕೆ ಕಂದೋ ಬೂದೋ ಎಂದು ಗಂಟೆಗಟ್ಟಲೆ ವಾದ. ಹಲ್ಲಕ್ಕ ಚಹಾ ತಂದುಕೊಟ್ಟು ಅಲ್ಲೇ ಮೂಲೆಯಲ್ಲಿ ಕೂರುವಳು. ಮಗಳು, “ಅಲ್ವಾ?” ಎಂದು ತಿರುಗಿದರೆ, “ಹೌದು ಪುಟ್ಟಾ,” ಎನ್ನುವಳು. ರೆಕ್ಕೆ ಕಂದು ಎಂದರೂ ಹೌದು, ಬೂದು ಎಂದರೂ ಹೌದು. ಪುಸ್ತಕದ ವಿಷಯದಲ್ಲಿ ಎದುರಾಡಿ, ಇದ್ದೊಂದು ಗಂಟೂ ಬಿಚ್ಚಿಹೋದರೆ ಏನು ಗತಿ ಎಂಬ ಪುಕ್ಕಲುತನ. ಪುಸ್ತಕವೊಂದೇ ಏಕೆ, ಹುಡುಗಿ ತಟ್ಟೆ ಒಡೆದರೂ, ಸಂಜೆ ತಡವಾಗಿ ಬಂದರೂ ಬೈದವಳಲ್ಲ. ಬೈಯಲು ತಾನು ಯಾರು ಎಂದು ಅವಳೇ ತನ್ನನ್ನು ಕೇಳಿಕೊಂಡು ಬಾಯಿ ಹೊಲಿದುಕೊಳ್ಳುತ್ತಿದ್ದಳು.

ಸಿನಿಮಾ ನೋಡಿ ಬಂದ ಮರುದಿನ ಸಂಘದ ಗುಂಪಿನಲ್ಲಿ ಬೆಂಕಿ ಬಿದ್ದಿತ್ತು. ಮಗಳ ಫೋನು ಮೇಜಿನ ಮೇಲೆ ಗುಂಯ್‌ಗುಡುತ್ತ ತಾನೇ ಸರಿದು ಅಂಚಿಗೆ ಬಂದಿತ್ತು. “ಹಳಬರು ಹೋಗಿ ಹಳಬ ಆದ,” ಎಂದು ಒಬ್ಬಳು. “ಟಿಕೆಟ್ ಹಣ ಹೋಗ್ಲಿ, ನನ್ನ ಬಾಲ್ಯ ವಾಪಸ್ ಕೊಡಿ,” ಎಂದು ಇನ್ನೊಬ್ಬ. ಸಾಲದ್ದಕ್ಕೆ ಸಂಭಾಷಣೆ ಬರೆದ ಮಹಾಶಯ ಟೀವಿಯಲ್ಲಿ ಕೂತು, “ಪ್ರೀತಿ ಇದ್ದಲ್ಲಿ ‘ನೀವು’ ಯಾಕ್ರೀ ಬೇಕು?” ಎಂದುಬಿಟ್ಟ. ತಗೋ, ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಹಲ್ಲಕ್ಕ ಆ ಹೊತ್ತಿಗೆ ಕ್ಲಿನಿಕ್ಕಿನಲ್ಲಿ ತನ್ನ ಬೆಂಚಿನ ಮುಂದೆ ಕೂತು, ಗುಲಾಬಿ ಮೇಣದ ವಸಡಿನಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಿದ್ದಳು. ನಿವೃತ್ತ ಮೇಷ್ಟರೊಬ್ಬರು ಹಿಂದಿನ ದಿನವಷ್ಟೇ ಒಯ್ದ ಹಲ್ಲಿನ ಸೆಟ್ಟನ್ನು ಡಬ್ಬಿಯಲ್ಲಿ ಹಿಡಿದುಕೊಂಡು ಬಂದು, “ಇವು ನನ್ನ ಹಲ್ಲಲ್ಲ ಕಣಮ್ಮಾ, ಇನ್ಯಾರದೋ ಬಾಯಿ ಇದು,” ಎಂದು ರೇಗಾಡಿದರು. ಎಲ್ಲರೂ ಮೊದಲ ವಾರ ಹೀಗೇ. “ಬೈಕೊಂಡಾದ್ರೂ ಹಾಕ್ಕೊಳ್ಳಿ ಸಾರ್, ತೆಗೆದು ಡಬ್ಬೀಲಿ ಮಾತ್ರ ಇಡಬೇಡಿ. ಮರ್ಯಾದೆಯಿಂದ ಎತ್ತಿಟ್ರೆ ಯಾವ ಹಲ್ಲೂ ಬಾಯಿಗೆ ಹೊಂದಲ್ಲ,” ಎಂದಳು. ಮೇಷ್ಟರು ಗೊಣಗುತ್ತ ಹೋದರು. ಹಲ್ಲಕ್ಕ ತಾನು ಆಡಿದ ಮಾತನ್ನೇ ಯೋಚಿಸುತ್ತ ಕೂತಳು. ಮೇಣ ಗಟ್ಟಿಯಾಗಿ, ಒಂದು ಕೋರೆಹಲ್ಲು ಸೊಟ್ಟಗೆ ನಿಂತುಬಿಟ್ಟಿತು. ಪುಸ್ತಕ ಅವಳಿಗೂ ಪ್ರಾಣವೇ. ಆದರೆ ಕೊನೆಯ ಅಧ್ಯಾಯ ಬಂದಾಗಲೆಲ್ಲ ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತಿತ್ತು. ಹೊರಟು ನಿಂತ ಮೇಲೆ ‘ನೀನು’ ಅಂದರೆ ಏನು ಬಂತು? ಸಿನಿಮಾದ ಹುಡುಗಿ ಬಂದ ದಿನವೇ ಜಗಳಕ್ಕೆ ನಿಂತಳು, ಹಕ್ಕಿಯೂ ಗದರಿತು, ಇವಳೂ ಗದರಿದಳು. ಅದನ್ನು ನೋಡಿ ಹಲ್ಲಕ್ಕನಿಗೆ ಹೊಟ್ಟೆಕಿಚ್ಚಾಗಿತ್ತು. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ ಅಷ್ಟೇ.

ಭಾನುವಾರ ಬೆಳಿಗ್ಗೆ ಸಂಘದವರೆಲ್ಲ ಬಂದರು. ಸಿನಿಮಾ ಧಿಕ್ಕರಿಸಿ ವಿಡಿಯೊ ಮಾಡುವುದೆಂದು ತೀರ್ಮಾನವಾಗಿತ್ತು. ಒಬ್ಬೊಬ್ಬರೂ ಒಂದೊಂದು ಮಾತು ಹೇಳಬೇಕು. ಹಚ್ಚೆಯವನು ತೋಳು ತೋರಿಸಿ ಗದ್ಗದಿತನಾದ. ಇನ್ನೊಬ್ಬಳು ಪುಸ್ತಕ ಎದೆಗೊತ್ತಿಕೊಂಡು ಕಣ್ಣೀರಿಟ್ಟಳು. ಕೊನೆಗೆ ಮಗಳು, “ಸಂಘದಲ್ಲೇ ಮೊದಲು ಪುಸ್ತಕ ಓದಿದವರು ಇವರು. ನನಗೆ ಕೊಟ್ಟವರೂ ಇವರೇ. ನೀವು ಹೇಳಿ,” ಎಂದು ಹಲ್ಲಕ್ಕನನ್ನು ತಂದು ಕುರ್ಚಿಯಲ್ಲಿ ಕೂರಿಸಿದಳು.

ಹಲ್ಲಕ್ಕ ಸೆರಗು ಸರಿಮಾಡಿಕೊಂಡಳು. ಹಿಡಿಸಲಿಲ್ಲ ಎಂದರೆ ಮುಗಿಯಿತು. ಮಗಳು ಬೆನ್ನು ತಟ್ಟುತ್ತಾಳೆ, ಎಲ್ಲರೂ ಚಹಾ ಕುಡಿಯುತ್ತಾರೆ, ಎಂದಿನ ಹಾಗೆ “ಲೋಟ ಕೊಡಿ, ನಾನು ತೊಳೀತೀನಿ” ಎನ್ನುತ್ತಾಳೆ. ಇನ್ನು ಜೀವಮಾನವೆಲ್ಲ ಹೀಗೇ.

“ಸಿನಿಮಾ ನನಗೆ ಹಿಡಿಸ್ತು,” ಎಂದಳು.

ಹಚ್ಚೆಯವನು ಫೋನಿನ ಹಿಂದಿನಿಂದ ಇಣುಕಿ, “ಆಂಟಿ, ಹಿಡಿಸ್ಲಿಲ್ಲ ಅನ್ಬೇಕು,” ಎಂದು ಪಿಸುಗುಟ್ಟಿದ.

“ಗೊತ್ತಪ್ಪಾ. ಹಿಡಿಸ್ತು ಅಂತಲೇ ಅಂದೆ. ಪುಸ್ತಕದಲ್ಲಿ ಇಬ್ಬರೂ ಮರ್ಯಾದೆ ಕೊಟ್ಕೊಂಡು ಕೊಟ್ಕೊಂಡು, ಹೊರಡೋ ಹೊತ್ತಿಗೆ ಬಾಯಿ ಬಿಡ್ತಾರೆ. ನಾನೂರು ಪುಟ ದಂಡ.”

“ದಂಡಾನಾ?” ಮಗಳ ಮುಖ ಕೆಂಪಾಯಿತು. “ಏನು ಹೇಳ್ತಿದ್ದೀರಿ ನೀವು? ಇಷ್ಟು ವರ್ಷ ಒಂದು ದಿನಾನೂ ಹೀಗೆ ಹೇಳ್ಲಿಲ್ವಲ್ಲ! ನಾನು ಏನಂದ್ರೂ ಹೌದು ಪುಟ್ಟಾ, ಹೌದು ಪುಟ್ಟಾ. ಅದೆಲ್ಲ ಸುಳ್ಳಾ?”

“ಅರ್ಧ ಸುಳ್ಳು.”

“ಯಾಕೆ?”

“ನಿನಗೆ ಬೇಜಾರಾಗುತ್ತೆ ಅಂತ.”

“ಆಗ್ಲಿ! ಬೇಜಾರಾದ್ರೆ ಸತ್ತೋಗ್ತೀನಾ?” ಮಗಳ ದನಿ ಸೂರಿಗೆ ಬಡಿಯಿತು. “ತಟ್ಟೆ ಒಡೆದ್ರೂ ಬೈಯಲ್ಲ, ಲೇಟಾಗಿ ಬಂದ್ರೂ ಬೈಯಲ್ಲ. ನಾನೇನು ನೆಂಟರ ಮನೆ ಹುಡುಗೀನಾ? ಎಲ್ಲರ ಮನೇಲೂ ಬೈತಾರೆ! ನಿನ್ನ ಮನಸ್ಸಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಬಾಯಿಬಿಟ್ಟು ಹೇಳೋಕೇನು ಧಾಡಿ ನಿನಗೆ?”

ಕೇಳಿಸಿತೇ? ಕೋಣೆಯಲ್ಲಿದ್ದ ಯಾರಿಗೂ ಕೇಳಿಸಲಿಲ್ಲ. ಒಂದು ‘ನೀನು’ವಿಗಾಗಿ ಎರಡು ದಿನದಿಂದ ಊಟ ಬಿಟ್ಟಿದ್ದ ಆ ಪಂಡಿತರೆಲ್ಲ ಬಾಯಿ ತೆರೆದುಕೊಂಡು ಜಗಳ ನೋಡುತ್ತಿದ್ದರು. ಹಲ್ಲಕ್ಕನಿಗೆ ಮಾತ್ರ ಕೇಳಿಸಿತು. ಪ್ರೀತಿಯಿಂದ ಬಂದೀತು, ಯಾವುದೋ ಕಷ್ಟದಲ್ಲಿ ಕೈ ಹಿಡಿದುಕೊಂಡಾಗ ಬಂದೀತು ಎಂದು ಅವಳು ಇಷ್ಟು ವರ್ಷ ಕಾದಿದ್ದಳು. ಅದು ಬೈಗುಳದ ಜೊತೆ ಬಂತು. ಬಂತಲ್ಲ! ಆದರೆ ಈಗ ಕರಗಿ ನೀರಾದರೆ ಕೆಟ್ಟೆ ಎಂದೂ ಅವಳಿಗೆ ಹೊಳೆಯಿತು.

“ಏಯ್! ದನಿ ತಗ್ಗಿಸು,” ಎಂದು ಗದರಿದಳು. ಗದರಿ ಅಭ್ಯಾಸವಿಲ್ಲದೆ ದನಿ ಕೀರಲಾಯಿತು. “ಬೈಬೇಕಾ? ತಗೋ, ಬೈತೀನಿ. ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೀತೀಯಲ್ಲ, ನಾಚಿಕೆ ಆಗಲ್ವಾ? ಮತ್ತೆ ಹಳಬರ ರೆಕ್ಕೆ ಕಂದೂ ಅಲ್ಲ, ಬೂದೂ ಅಲ್ಲ, ಕಪ್ಪು! ಸರಿಯಾಗಿ ಓದು!”

“ಕಪ್ಪಾ?” ಎಂದು ಹಚ್ಚೆಯವನು ಗಾಬರಿಯಾದ.

ಅಷ್ಟರಲ್ಲಿ ತಾನು ಓಡಿಸುವ ಬ್ರೆಡ್ ಫ್ಯಾಕ್ಟರಿಯ ವ್ಯಾನು ನಿಲ್ಲಿಸಿ ಅಪ್ಪ ಒಳಗೆ ಬಂದ. ಕಂಕುಳಲ್ಲಿ ಎರಡು ಬ್ರೆಡ್ಡು. ಎಂದೂ ಏರುದನಿ ಕೇಳದ ಮನೆಯಲ್ಲಿ ಈ ರಂಪ ಬೀದಿಯಿಂದಲೇ ಕೇಳಿಸಿಕೊಂಡಿದ್ದ ಅವನು, “ಏನಮ್ಮಾ ಇದು, ದೊಡ್ಡೋರಿಗೆ ಹೀಗಾ ಮಾತಾಡೋದು? ನೀನು ತಾನು ಅಂತಿದ್ದೀಯ, ಮರ್ಯಾದೆ ಎಲ್ಲೋಯ್ತು?” ಎಂದು ಮಗಳನ್ನು ಗದರಿದ.

ಹಾಳಾಗಿ ಹೋಗಲಿ ಆ ಗಂಡಸು! ಮಗಳು ಗಕ್ಕನೆ ನಿಂತಳು. ತಾನು ಆಡಿದ್ದು ಆಗಷ್ಟೇ ಅವಳ ಕಿವಿಗೆ ಬಿತ್ತು. ಮುಖದ ಕೆಂಪೆಲ್ಲ ಇಳಿಯಿತು. ಅವಳು ತಲೆ ತಗ್ಗಿಸಿ, ಹಳೆಯ ದನಿಯಲ್ಲಿ, “ಸಾರಿ. ತಪ್ಪಾಯ್ತು. ನಾನು ನಿಮಗೆ ಹಾಗೆ...” ಎಂದಳು.

ಬಂದ ‘ನೀನು’ ಕಣ್ಣೆದುರೇ ಹೊರಟು ನಿಂತಿತ್ತು. ಹಲ್ಲಕ್ಕ ಕುರ್ಚಿಯಿಂದ ಎದ್ದಳು.

“ಇನ್ನೊಂದು ಸಲ ‘ನಿಮಗೆ’ ಅಂದ್ರೆ ನೋಡು,” ಎಂದಳು. “ಈ ಮನೆಯಿಂದ ಆಚೆ ಹಾಕ್ತೀನಿ.”

ಮಗಳು ತಲೆಯೆತ್ತಿ ಅವಳನ್ನೇ ನೋಡಿದಳು. ಆಮೇಲೆ ಅಂಗೈಯಿಂದ ಕಣ್ಣೊರೆಸಿಕೊಂಡು, ಒಂದು ಹೆಜ್ಜೆ ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟಳು.

“ಹಾಕು, ನೋಡೋಣ,” ಎಂದಳು.