ಎಂಟನೆಯ ತಂಡ

ಲಕೋಟೆಗೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ನನ್ನ ಕೈಯದೇ ಇರಬೇಕು, ಬೆಳಗ್ಗೆ ಸೊಪ್ಪು ಕೊಯ್ದವಳು ತೊಳೆಯದೆ ಬಂದೆ, ಯಾವ ದೇಶದ್ದು ಭಾರತಮ್ಮ ಇದು ಅಂದ ಪೋಸ್ಟ್‌ಮ್ಯಾನ್ ಮುನಿರಾಮಪ್ಪ, ಪ್ರಾಗ್ ಅಂದೆ, ಚೆಕೊಸ್ಲೊವಾಕಿಯಾ ಎನ್ನಲು ನಾಲಿಗೆ ಹೊರಳಲಿಲ್ಲ, ಕದಿರೇಶನಾದರೆ ಒಂದೇ ಉಸಿರಿಗೆ ಹೇಳುತ್ತಿದ್ದ, ಕಿಡ್ನಿ ಕೆಟ್ಟು ಎರಡು ವರ್ಷ ಮಂಚ ಹಿಡಿದ ನನ್ನ ತಮ್ಮ, ಕಿಟಕಿಯಲ್ಲಿ ಟೇಕಲ್ ಬೆಟ್ಟ, ಎದೆಯ ಮೇಲೆ ರೇಡಿಯೋ — ಐಸ್ ಮೇಲೆ ಹಾಕಿ ಆಟ ಆಡ್ತಾರಂತೆ ಕಣಕ್ಕಾ, ಈ ಏಪ್ರಿಲ್‌ನಾಗೆ ಪ್ರಾಗ್‌ನಲ್ಲೇ ವಿಶ್ವ ಪಂದ್ಯಾವಳಿ — ನಮ್ಮ ಜಗಳ ಶುರುವಾದದ್ದೇ ಅಲ್ಲಿಂದ, ಕೊನೆಗೆ ಬಂದ ತಂಡದ ಗತಿ ಏನು ಎಂದು, ಓಡಿಸ್ತಾರೆ, ಇನ್ನೇನು ಮಾಡ್ತಾರೆ ಎಂದೆ ನಾನು, ಇಲ್ಲಕ್ಕಾ, ಅವರಿಗೂ ಒಂದು ದಾರಿ ಇಟ್ಟಿರ್ತಾರೆ, ಬರೆದು ಕೇಳು ಎಂದು ಹಠ ಹಿಡಿದ, ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಅಲ್ಲಿನ ರೇಡಿಯೋದವರಿಗೆ ನಾಲ್ಕು ಸಾಲು ಗೀಚಿ ಮಾಲೂರಿನಲ್ಲಿ ಪೋಸ್ಟ್ ಮಾಡಿದೆ, ಉತ್ತರ ಬಂತಾ ಎಂದು ದಿನಾ ಕೇಳುವನು, ಇವತ್ತಿಗೆ ಅವನು ಹೋಗಿ ಹತ್ತೊಂಬತ್ತು ದಿನ, ಉತ್ತರ ಬಂದಿದೆ.

ಎಲ್ಲವೂ ಇದೆ ಇದರಲ್ಲಿ, ಮೇಲಿನ ಗುಂಪಿನಲ್ಲಿ ಎಂಟು ದೇಶ, ಒಬ್ಬೊಬ್ಬರೂ ಉಳಿದ ಏಳು ತಂಡಗಳೊಡನೆ ಆಡಬೇಕು, ಮೊದಲ ನಾಲ್ವರು ಪದಕಕ್ಕಾಗಿ ತಮ್ಮೊಳಗೆ ಮತ್ತೆ ಆಡುತ್ತಾರೆ, ಹಿಂದುಳಿದ ನಾಲ್ವರು ಮೇಲೆ ಉಳಿಯುವುದಕ್ಕಾಗಿ, ಎಂಟನೆಯವರು ಕೆಳಗಿನ ಗುಂಪಿಗೆ ಇಳಿಯುತ್ತಾರೆ, ಆದರೆ ಅಲ್ಲಿ ಮೊದಲು ಬಂದರೆ ಮತ್ತೆ ಮೇಲೆ ಬರುತ್ತಾರೆ — ನೀನೇ ಗೆದ್ದೆ ಕಣೋ, ಈಗ ಯಾರಿಗೆ ಹೇಳಲಿ, ಪಕ್ಕದ ಮನೆಯ ಮುನಿಯಲ್ಲಮ್ಮನ ಹತ್ತಿರ ಹೋದೆ, ಐಸ್ ಅಂದ್ರೆ ಐಸ್‌ಕ್ಯಾಂಡೀನಾ ಅಂದಳು, ಆಮೇಲೆ ಉಂಡ್ಯಾ ಎಂದು ಮೆಲ್ಲಗೆ ಕೇಳಿದಳು, ಉಂಡೆ ಎಂದು ಸುಳ್ಳು ಹೇಳಿ ಎದ್ದು ಬಂದೆ, ಬರುವಾಗ ಅಂಗಡಿಯಲ್ಲಿ ರೇಡಿಯೋಗೆ ಎರಡು ಸೆಲ್ ಕೊಂಡೆ, ಅವನು ಕೇಳಿದಾಗಲೆಲ್ಲ ನಾಳೆ ತರ್ತೀನಿ ಅಂದಿದ್ದೆ, ಅವನಿದ್ದಾಗ ಆ ನಾಳೆ ಬರಲಿಲ್ಲ, ಈಗ ಸಂಜೆ, ಸೆಲ್ ಹಾಕಿ ತಿರುಪಿದರೆ ಗರಗರ, ಗರಗರದೊಳಗಿಂದ ಒಂದು ಗಂಡಸಿನ ದನಿ, ದೇಶಗಳ ಹೆಸರು, ಯಾರೋ ಐದು ಗೋಲು, ಯಾರೋ ಎರಡು, ದಿಂಬಿನಡಿಯಿಂದ ಅವನ ನೋಟ್‌ಬುಕ್ ತೆಗೆಯುತ್ತೇನೆ, ಸ್ಕೇಲಿಟ್ಟು ಎಂಟು ಸಾಲು ಎಳೆದಿದ್ದಾನೆ, ತಂಡಗಳ ಹೆಸರು ಬರೆದಿದ್ದಾನೆ, ಮುಂದಿನ ಗೋಲಿನ ಚೌಕಗಳೆಲ್ಲ ಖಾಲಿ, ಐದು ಎಂದು ಬರೆಯಬೇಕು, ನಡುವೆ ಸಿಕ್ಕಿಸಿದ್ದ ಪೆನ್ಸಿಲ್ ಎತ್ತಿಕೊಂಡೆ, ಹಿಂದಿನ ತುದಿ ಬೆರಳಿಗೆ ಒರಟು, ತಿರುಗಿಸಿ ನೋಡಿದರೆ ಹಲ್ಲಿನ ಗುರುತು, ಯೋಚಿಸುವಾಗ ಕಚ್ಚುತ್ತಿದ್ದ, ಹಳದಿ ಬಣ್ಣ ಎದ್ದು ಬಿಳಿ ಮರ ಕಾಣುತ್ತಿದೆ, ರೇಡಿಯೋ ಇನ್ನೇನೋ ಹೇಳುತ್ತಿದೆ, ಐದೋ ಎರಡೋ, ಹಲ್ಲಿನ ಗುರುತು, ಆಚೆ ಎರಡು, ಈಚೆ ಎರಡು, ಹಲ್ಲಿನ ಗುರುತು —